ಮ್ಯಾಲೊಡರಸ್ ಅಂದರೆ ಯಾರ ತರ?

ಕಷ್ಟದ ಇಂಗ್ಲಿಷ್ ಪದಗಳ ಅರ್ಥ ಗೊತ್ತಿರುವುದು ಅಪಾಯವೇನಲ್ಲ. ಗೊತ್ತಿದೆ ಎಂಬುದು ಮನೆಯ ಮಾಲೀಕರಿಗೆ ಗೊತ್ತಾಗುವುದು ಅಪಾಯ. ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ಇಳಿಸುತ್ತ ಪತ್ರಿಕೆಯೊಂದರಲ್ಲಿ ಆಯುಷ್ಯದ ಬಹುಪಾಲು ಕಳೆದವನು ನಾನು. ಆ ಕೆಲಸ ನನಗೆ ಎರಡು ಅಭ್ಯಾಸಗಳನ್ನು ಅಂಟಿಸಿತು. ಗೊತ್ತಿಲ್ಲದ ಪದ ಕಂಡರೆ ನಿಘಂಟು ತೆಗೆಯುವುದು, ಜಗಳ ಕಂಡರೆ ಎರಡೂ ಕಡೆಯವರ ಹೇಳಿಕೆ ತೆಗೆದುಕೊಳ್ಳುವುದು. ಮೊದಲನೆಯದು ಹೊಟ್ಟೆ ಹೊರೆಯಿತು. ಎರಡನೆಯದನ್ನು ಒಮ್ಮೆ ನಮ್ಮ ತಾಯಿಗೂ ಹೆಂಡತಿ ಸುಮಾಳಿಗೂ ನಡುವೆ ಪ್ರಯೋಗಿಸಿ ನೋಡಿದೆ. ಎರಡೂ ಕಡೆಯವರು ಒಟ್ಟಾಗಿ ನನ್ನ ಜೊತೆ ಮಾತು ಬಿಟ್ಟರು.

ನಾವಿರುವುದು ಕುಂದಲಹಳ್ಳಿಯಲ್ಲಿ, ಪಿಳ್ಳಮ್ಮನವರ ಕಟ್ಟಡದ ನೆಲಮಹಡಿಯಲ್ಲಿ. ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಹೊಲವೇ ಈಗ ಮಹಡಿಗಳಾಗಿ ಮೇಲೆದ್ದಿದೆ. ಮಹಡಿಗಳ ತುಂಬ ಕಂಪ್ಯೂಟರ್ ಕಂಪನಿಗಳ ಹುಡುಗ ಹುಡುಗಿಯರು. ಹೊಲದಿಂದ ಉಳಿದುಕೊಂಡದ್ದು ಹಿತ್ತಿಲ ಕೊಟ್ಟಿಗೆ, ಅದರಲ್ಲಿ ಕೆಂಪಿ ಎಂಬ ಸೀಮೆಹಸು. ಬೆಳಿಗ್ಗೆ ಪಿಳ್ಳಮ್ಮನವರೇ ಹಾಲು ಕರೆದು ನಮ್ಮ ಬಾಗಿಲಿಗೆ ತಂದುಕೊಡುತ್ತಾರೆ. ಆ ಹಾಲಿನ ಕಾಫಿ ಕುಡಿದವರಿಗೆ ಪ್ಯಾಕೆಟ್ ಹಾಲು ಬರೀ ಬಿಳಿ ಬಣ್ಣ ಅನ್ನಿಸುತ್ತದೆ.

ಇಂಥ ಕೆಂಪಿಯ ಮೇಲೆ ಬಾಡಿಗೆದಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನ ಆರೋಪಪಟ್ಟಿ ಬಂತು. ಬರೆದವಳು ಮೂರನೆಯ ಮಹಡಿಯ ರಿತಿಕಾ, ಕೋಲ್ಕತ್ತಾ ಕಡೆಯವಳು. ಕೊಟ್ಟಿಗೆಯ ವಾಸನೆ ಮ್ಯಾಲೊಡರಸ್ ಆಗಿದೆ, ಬಿಸಿಲಿನಿಂದ ಎಕ್ಸಾಸರ್ಬೇಟ್ ಆಗುತ್ತಿದೆ (ಉಲ್ಬಣಿಸುತ್ತಿದೆ), ಪರಿಸ್ಥಿತಿ ಅನ್‌ಟೆನಬಲ್ (ಹೀಗೇ ಮುಂದುವರಿಯಲಾಗದ್ದು), ಭಾನುವಾರ ಸಭೆ ಸೇರೋಣ. ಹಸು ಹೋಗದಿದ್ದರೆ ನಾವು ಹೋಗುತ್ತೇವೆ. ಕೆಳಗೆ ಸಾಲುಸಾಲು ಹೆಬ್ಬೆರಳುಗಳು. ಪಿಳ್ಳಮ್ಮನವರ ಮಗ ಆಗಲೇ ಕೆಂಪಿಯನ್ನು ಮಾಲೂರಿನ ನೆಂಟರಿಗೆ ಕೊಟ್ಟುಬಿಡೋಣ ಅನ್ನತೊಡಗಿದ್ದ.

ಪಿಳ್ಳಮ್ಮ ಫೋನ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಸಾರ್, ಈ ಮ್ಯಾಲೊಡರಸ್ ಅಂದ್ರೆ ಏನು?"

"ಅಹಿತಕರವಾದ ವಾಸನೆ ಇರುವಂಥದ್ದು" ಎಂದು ಸುದ್ದಿಮನೆಯ ನಯದಲ್ಲಿ ಹೇಳಿದೆ.

"ಅದ್ ಸರಿ. ಯಾರ್ ತರ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು: "ಅರ್ಥ ಏಳುದ್ರೆ ಮರ್ತೋಗ್ತದೆ ಸಾರ್. ಯಾರ್ ತರ ಅಂತ ಏಳಿ, ಸಾಯೋಗಂಟ ಮರೆಯಾಕಿಲ್ಲ."

ಯಾವ ನಿಘಂಟಿನಲ್ಲೂ ಈ ಅಂಕಣವಿಲ್ಲ. ನಾನು ತಡವರಿಸುತ್ತಿರುವಾಗ ಅವರೇ, "ಮೋರಿ ನೀರು ಸೇರಿ ನೊರೆ ಉಕ್ಕಿದಾಗ ನಮ್ ಕೆರೆ ಇರ್ತದಲ್ಲಾ, ಅದರ ತರವಾ?" ಅಂದರು. ಹೌದು ಅಂದೆ. "ಅಂಗಾದ್ರೆ ಈ ಉಡ್ಗೀಗೆ ಆ ಪದ ಗೊತ್ತಿಲ್ಲ ಬಿಡಿ" ಎಂದು ತೀರ್ಪು ಕೊಟ್ಟು, ಭಾನುವಾರದೊಳಗೆ ಇಂಥ ಪದಗಳನ್ನು ಸಾಧ್ಯವಾದಷ್ಟು ಕಲಿಸಿಕೊಡಬೇಕೆಂದು ಅಪ್ಪಣೆ ಮಾಡಿದರು. ಬಾಡಿಗೆಯವರು ಇಂಗ್ಲಿಷಲ್ಲಿ ಬೈದರೆ ತಾನೂ ಇಂಗ್ಲಿಷಲ್ಲೇ ಕೇಳಬೇಕು ಎಂಬುದು ಪಿಳ್ಳಮ್ಮನವರ ವಾದ.

ಹೀಗೆ ಹಾಲಿನ ಜೊತೆ ಪಾಠ ಶುರುವಾಯಿತು. ಆಬ್‌ಸ್ಟಿನೇಟ್ ಅಂದರೆ ಹಟಮಾರಿ ಅಂದೆ; ರಸ್ತೆಗೆ ಜಾಗ ಬಿಡದೆ ಕೂತ ಮೈದುನನ ಹೆಸರು ತಕ್ಷಣ ಅವರ ಬಾಯಿಗೆ ಬಂತು. ಪ್ರೊಕ್ರಾಸ್ಟಿನೇಟ್, ಅಂದರೆ ನಾಳೆಗೆ ತಳ್ಳುವುದು, ಪ್ಲಂಬರ್ ನಾಗರಾಜನ ಪಾಲಾಯಿತು. ಎಫೆಮೆರಲ್ ಅಂದರೆ ಕ್ಷಣಿಕ ಎಂದು ನಾನು ಹೂವು, ಇಬ್ಬನಿ ಎಂದೆಲ್ಲ ಕಾವ್ಯಮಯವಾಗಿ ಹೊರಟರೆ, "ಒಸಾ ಟಾರ್ ರೋಡು. ಪೈಪ್‌ನೋರು ಅಗಿಯೋಗಂಟ" ಎಂದು ಮುಗಿಸಿದರು. ಮ್ಯಾಗ್ನಾನಿಮಸ್, ಉದಾರ ಮನಸ್ಸಿನವರು, ಅಂದಾಗ ಮಾತ್ರ ಹಾಲಿನ ಲೋಟ ಹಿಡಿದೇ ಬಹಳ ಹೊತ್ತು ಯೋಚಿಸಿದರು. ಗಂಡನ ಕಡೆಯವರು, ತವರಿನವರು, ಎಲ್ಲರೂ ಮನಸ್ಸಿನಲ್ಲಿ ಹಾದುಹೋದಂತೆ ಕಂಡಿತು. ಕೊನೆಗೆ, "ಯಾರೂ ಇಲ್ಲ ಸಾರ್, ಮುಂದಿನ್ ಪದ ಏಳಿ" ಅಂದರು.

ನನಗೆ ಹೊಟ್ಟೆಕಿಚ್ಚಾಯಿತು. ಯೌವನದಲ್ಲಿ ನಾನು ಪದಪಟ್ಟಿಗಳನ್ನು ಬಾಯಿಪಾಠ ಮಾಡಿದವನು. ಇಂದಿಗೂ ಒಂದೆರಡು ಪದಗಳು ಅದಲುಬದಲಾಗಿ ಕಾಟ ಕೊಡುತ್ತವೆ. ಇವರಿಗೆ ಮರೆವೆಂಬುದೇ ಇಲ್ಲ. ಇರುವುದಾದರೂ ಹೇಗೆ, ಅರ್ಥಗಳೆಲ್ಲ ಊರಲ್ಲಿ ಓಡಾಡಿಕೊಂಡಿರುವಾಗ?

ಭಾನುವಾರ ಕಟ್ಟಡದ ಕೆಳಗೆ, ಬೈಕು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ರಿತಿಕಾ ಇಂಗ್ಲಿಷಿನಲ್ಲಿ ಸೌಜನ್ಯದಿಂದಲೇ ದೂರು ಮಂಡಿಸಿದಳು. ಪಿಳ್ಳಮ್ಮ ಪದಗಳನ್ನು ಬದಿಗಿಟ್ಟು, ಸಾಕ್ಷಿಗೆ ನನ್ನ ಕಡೆ ತಿರುಗಿದರು: "ಸಾರ್ ಕಿಟಕಿ ಕೊಟ್ಟಿಗೆ ಮಗ್ಗಲಲ್ಲೇ ಐತೆ. ನೀವೇ ಏಳಿ ಸಾರ್, ವಾಸ್ನೆ ಬತ್ತದಾ?"

ನಾನು ಎದ್ದುನಿಂತೆ. ಎಲ್ಲರೂ ನೋಡುತ್ತಿದ್ದರು. ಆಗ ನನ್ನ ಬಾಯಿಂದ ಹೊರಟ ವಾಕ್ಯ ಇದು: "ಬರುತ್ತದೆ ಎಂಬ ಅಭಿಪ್ರಾಯವೂ ಇದೆ, ಬರುವುದಿಲ್ಲ ಎಂಬ ಅಭಿಪ್ರಾಯವೂ ಇದೆ. ಎರಡನ್ನೂ ಪರಿಶೀಲಿಸಬೇಕಾಗುತ್ತದೆ."

ಸುಮಾ ನನ್ನನ್ನು ನೋಡಿದ ನೋಟವನ್ನು ವರದಿ ಮಾಡುವುದಿಲ್ಲ. ಪಿಳ್ಳಮ್ಮನವರ ಮಗ ಮಾಲೂರಿಗೆ ಫೋನ್ ಮಾಡುವವನಂತೆ ಜೇಬಿಗೆ ಕೈಹಾಕಿದ.

ಪಿಳ್ಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನೋಡಮ್ಮ ರಿತಿಕಾ, ಮ್ಯಾಲೊಡರಸ್ ಅಂದ್ರೆ ಕೆರೆ. ನಮ್ ಕೆಂಪಿ ಮ್ಯಾಲೊಡರಸ್ ಅಲ್ಲ. ಪಂಜೆಂಟು. ಪಂಜೆಂಟು ಅಂದ್ರೆ ಘಾಟು. ನೀನು ಸಾಸ್ವೆ ಎಣ್ಣೆ ಕಾಯ್ಸಿ ಮೀನು ಕರೀತೀಯಲ್ಲಾ, ಅದು ಪಂಜೆಂಟು. ಕಣ್ಣಲ್ಲಿ ನೀರು ಬತ್ತದೆ. ನಾನ್ ಗ್ರೂಪಲ್ಲಿ ಮೆಸೇಜ್ ಆಕಿದ್ನಾ?"

ಅರ್ಥವಾದವರು ಮೊದಲು ನಕ್ಕರು, ಆಗದವರಿಗೆ ಅವರೇ ಅನುವಾದಿಸಿದರು. ರಿತಿಕಾ ಮುಖ ಮುಚ್ಚಿಕೊಂಡು ನಗುತ್ತ, "ಸಾರಿ ಆಂಟಿ, ನಂದು ಪಂಜೆಂಟೇ" ಅಂದಳು. ಪಿಳ್ಳಮ್ಮನೂ ಸೋತಂತೆ ಮಾಡಿದರು: ಎಲ್ಲರೂ ಏಳುವ ಮೊದಲೇ ಸಗಣಿ ಬಾಚಿ ಕೊಟ್ಟಿಗೆ ತೊಳೆಸುವುದಾಗಿ ಒಪ್ಪಿದರು. ಮಗನ ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು. ಕೆಂಪಿ ಉಳಿದಳು.

ಆಮೇಲೆ ಗುರುವಿನ ಪಟ್ಟ ಮಾತ್ರ ನನ್ನ ಕೈತಪ್ಪಿತು. ಪಾಠ ಈಗ ಮೂರನೆಯ ಮಹಡಿಯಲ್ಲಿ, ರಿತಿಕಾಳ ಹತ್ತಿರ ನಡೆಯುತ್ತಿದೆಯಂತೆ. ಮೊನ್ನೆ ಹಾಲು ತಂದ ಪಿಳ್ಳಮ್ಮ, "ಒಸಾ ಪದ ಕಲ್ತೆ ಸಾರ್, ಈಕ್ವಿವೊಕೇಟ್" ಅಂದರು. "ಆ ಕಡೆನೂ ಅಲ್ದೆ ಈ ಕಡೆನೂ ಅಲ್ದೆ ಮಾತಾಡೋದಂತೆ."

"ಯಾರ ತರ?" ಎಂದು ಅಭ್ಯಾಸಬಲದಿಂದ ನಾನೇ ಕೇಳಿಬಿಟ್ಟೆ.

ಪಿಳ್ಳಮ್ಮ ತಲೆ ತಗ್ಗಿಸಿ ನಮ್ಮ ಪಾತ್ರೆಗೆ ಹಾಲು ಸುರಿದರು. ಒಳಗೆ ಅಡುಗೆಮನೆಯಲ್ಲಿ ಸುಮಾ ಜೋರಾಗಿ ನಕ್ಕಳು. ಈ ವಿಷಯದಲ್ಲಿ ಎರಡನೆಯ ಅಭಿಪ್ರಾಯ ಇದ್ದಂತೆ ಕಾಣಲಿಲ್ಲ.