ಚಿಕ್ಕೋಡಿ ಇಳಿಜಾರಿನ ವಿಶ್ವದಾಖಲೆ

ತಾಲೂಕು ಗ್ರಂಥಾಲಯದ ಅಟೆಂಡರ್ ಸಮಾಧಾನನ ಹೆಗಲಿಗೆ ಶನಿ ಏರಿದ್ದು ಹರಿದ ಮಾಸಪತ್ರಿಕೆಯೊಂದಕ್ಕೆ ಗೋಂದು ಹಚ್ಚುವಾಗ. ಜಗತ್ತಿನ ಮೊದಲ ವೇಗದ ದಾಖಲೆ ಮಾಡಿದ ಕಾರು ೧೮೯೮ರಲ್ಲಿ ಗಂಟೆಗೆ ಅರವತ್ತಮೂರು ಕಿಲೋಮೀಟರ್ ಓಡಿತ್ತಂತೆ. ಅದೂ ಬ್ಯಾಟರಿಯ ಮೇಲೆ.

ಸಮಾಧಾನನದೂ ಬ್ಯಾಟರಿ ಸ್ಕೂಟರ್. ೨೦೦೯ರಲ್ಲಿ ಕೊಂಡದ್ದು. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇಪ್ಪತ್ತೈದರ ಮೇಲೆ ವೇಗವೂ ಇಲ್ಲ. ಓಣಿಯವರು ಅದಕ್ಕೆ ‘ಇಸ್ತ್ರಿ ಪೆಟ್ಟಿಗೆ’ ಎಂದು ಹೆಸರಿಟ್ಟಿದ್ದರು.

“ನಮ್ಮ ಇಳಿಜಾರಿನ್ಯಾಗ ಬಿಟ್ರ ಇದೂ ಅರವತ್ತಮೂರು ದಾಟತೈತಿ,” ಎಂದು ಹನ್ನೊಂದು ಗಂಟೆಯ ಚಹಾಕ್ಕೆ ಓಣಿಗೆ ಬಂದಾಗ ಅವನ ಬಾಯಿ ಜಾರಿತು. ಮೂರು ಗಂಟೆಗೆ ಇಡೀ ಓಣಿ ಇಳಿಜಾರಿನ ಮೇಲ್ತುದಿಯಲ್ಲಿ ನೆರೆದಿತ್ತು. ಪಕ್ಕದ ಮನೆಯ ಸುಂದ್ರವ್ವ ಚೆಂಡುಹೂವಿನ ಹಾರ ತಂದಿದ್ದಳು. ಪಿ.ಟಿ. ಮಾಸ್ತರ ಧನಪಾಲ ಶಾಲೆಯ ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡಿದ್ದರು.

“ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ಹಿಡೀಬೇಕಪಾ. ರೂಲ್ಸ್ ಐತಿ,” ಎಂದರು ಮಾಸ್ತರರು.

“ಅದು ಆಮ್ಯಾಲೆ ಬಂದ ರೂಲ್ಸ್ ರೀ ಸರ್. ಆವಾಗ ಒಂದ ದಿಕ್ಕು ಸಾಕಿತ್ತು,” ಎಂದ ಸಮಾಧಾನ. ಏರು ಬಂದರೆ ಸ್ಕೂಟರನ್ನು ತಾನೇ ನೂಕಬೇಕೆಂಬುದು ಅವನಿಗೆ ಗೊತ್ತಿತ್ತು.

ಮೆಕ್ಯಾನಿಕ್ ಸಂಗ್ರಾಮ ತೂಕ ಇಳಿಸಲು ಕೂತ. ಕನ್ನಡಿ ಹೋಯಿತು, ಬುಟ್ಟಿ ಹೋಯಿತು, ಹಾರ್ನ್ ಹೋಯಿತು. ಗಾಲಿಗೆ ತಿಕ್ಕುತ್ತದೆಂದು ಬ್ರೇಕನ್ನೂ ಸಡಿಲ ಮಾಡಿದ.

“ಇನ್ನೇನರ ಬಿಚ್ಚೂದು ಐತೇನ್ರಿ?” ಎಂದು ಕೇಳಿದ.

“ಅವರ ತಲಿ ಒಂದ ಬಿಡ್ರಿ,” ಎಂದಳು ಹೆಂಡತಿ ನೀಲಮ. “ಅದರಾಗ ಏನೂ ತೂಕ ಇಲ್ಲ.”

ಸುಂದ್ರವ್ವ ಸೆರಗು ಸಿಕ್ಕಿಸಿಕೊಂಡು ಹಿಂದಿನಿಂದ ನೂಕಿದಳು. ಮೊದಲು ಸ್ಕೂಟರ್ ಮದುವಣಗಿತ್ತಿಯಂತೆ ನಾಚಿತು. ಆಮೇಲೆ ಹಗ್ಗ ಹರಿದ ಕರುವಿನಂತೆ ಓಟ ಕಿತ್ತಿತು. ಸಮಾಧಾನನ ಅಂಗಿ ಬೆನ್ನಿನಲ್ಲಿ ಕುಂಬಳಕಾಯಿಯಷ್ಟು ಉಬ್ಬಿತು. ಬ್ರೇಕ್ ಹಿಡಿದ, ಅದು ಬೆಣ್ಣೆ ಹಿಚುಕಿದಂತೆ ಒಳಗೆ ಹೋಯಿತು. ಕಣ್ಣು ಮುಚ್ಚಿದ. ಪಕ್ಕದಲ್ಲಿ ಏನೋ ಭರ್ರೆಂದು ಹಾದುಹೋಯಿತು. ತನ್ನ ವೇಗದ್ದೇ ಸದ್ದಿರಬೇಕೆಂದು ಆ ಗಾಬರಿಯಲ್ಲೂ ಅವನಿಗೆ ಹೆಮ್ಮೆಯಾಯಿತು.

ಕಣ್ಣು ಬಿಟ್ಟಾಗ ಅವನು ರಸ್ತೆ ಬದಿಯ ಕಬ್ಬಿನ ಒಣಗರಿಯ ರವದಿ ಬಣವೆಯೊಳಗಿದ್ದ. ಎದುರಿಗೆ ಹೊಸ ವೇಗಮಾಪಕದ ಪೆಟ್ಟಿಗೆ ಹಿಡಿದ ಪೊಲೀಸ್ ಜಮಾದಾರ ಭೀಮಸಿ ನಿಂತಿದ್ದರು.

ಓಣಿ ಏದುಸಿರು ಬಿಡುತ್ತ ಇಳಿದು ಬಂತು. “ಸರ್, ಎಷ್ಟಾತ್ರಿ?” ಎಂದು ರವದಿಯೊಳಗಿಂದಲೇ ಮಾಸ್ತರರನ್ನು ಕೇಳಿದ ಸಮಾಧಾನ.

ಧನಪಾಲ ಮಾಸ್ತರರು ತಲೆ ತಗ್ಗಿಸಿದರು. “ಹೆದರಿ ಎರಡೂ ಕೈಲೆ ಕಣ್ಣ ಮುಚ್ಕೊಂಡಿದ್ನಿಪಾ. ಗುಂಡಿ ಒತ್ತಾಕ ಕೈ ಇರಲಿಲ್ಲ.”

“ಅರವತ್ತೇಳು,” ಎಂದರು ಭೀಮಸಿ. ಓಣಿ ಕುಣಿಯತೊಡಗಿತು. “ನಿಂದರ್ರಿ. ಇಪ್ಪತ್ತೈದು ದಾಟಿದ್ರ ಇದಕ್ಕ ಲೈಸೆನ್ಸ್, ನಂಬರ್ ಎಲ್ಲಾ ಬೇಕು. ಇಲ್ಲಂದ್ರ ಗಾಡಿ ಠಾಣೆಗೆ. ನೋಡು ತಮ್ಮಾ, ಮಷೀನ್ ಹೊಸಾದು, ತಪ್ಪಿರಬಹುದು. ‘ನನ್ನ ಗಾಡಿ ಅಷ್ಟು ಓಡೂದಿಲ್ಲ’ ಅಂತ ಒಂದ ಮಾತು ಬರದ ಕೊಡು, ಮನಿಗೆ ಹೋಗು.”

ನೀಲಮ ಕಣ್ಸನ್ನೆ ಮಾಡಿದಳು. ಸಮಾಧಾನ ಸ್ಕೂಟರನ್ನು ನೋಡಿದ, ಹಾರವನ್ನು ನೋಡಿದ. ಆಮೇಲೆ ಗ್ರಂಥಾಲಯದ ದುಂಡು ಅಕ್ಷರದಲ್ಲಿ ಬರೆದ: ‘ನನ್ನ ವಾಹನವು ಅರವತ್ತೇಳು ಕಿಲೋಮೀಟರ್ ವೇಗದಲ್ಲಿ ಓಡಿದ್ದು ನಿಜ.’ ಸಹಿ ಹಾಕಿ, ಹಾರಕ್ಕೆ ಕೊರಳು ಬಾಗಿಸಿದ.

ಹಾರ ಕೊರಳಿಗೆ ಬೀಳುವಷ್ಟರಲ್ಲಿ ಪೆಟ್ಟಿಗೆ ಕಿರ್ರೆಂದು ಫೋಟೋ ಸಮೇತ ಚೀಟಿ ಉಗುಳಿತು. ಭೀಮಸಿ ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

“ಇದು ಸದಲಗಾದ ಹಾಲಿನ ಗಾಡಿ ಐತಲ್ಲೋ. ನಿನ್ನ ಬಾಜೂಕ ಹಾದು ಹೋಗಾಕತ್ತೈತಿ. ನೀ ಇಲ್ಲಿ ಮೂಲ್ಯಾಗ, ಬರೇ ಮೊಣಕೈ ಕಾಣತೈತಿ.”

“ಹಂಗಾರ ನಂದು ಎಷ್ಟ್ರಿ?”

“ದೇವರಿಗೇ ಗೊತ್ತು. ಆದ್ರ ಒಪ್ಪಿಗಿ ಬರದ ಕೊಟ್ಟೀಯಲ್ಲ. ಗಾಡಿ ಠಾಣೆಗೇ.”

ಹಾಲಿನ ಗಾಡಿ ಕೆಳಗಿನ ಹೋಟೆಲಿನ ಮುಂದೆ ನಿಂತಿತ್ತು. ದಂಡದ ಪುಸ್ತಕ ಹಿಡಿದು ಜಮಾದಾರರು ಓಡಿದರು. ಹಾರ ಬಾಡಿಹೋಗುತ್ತದೆಂದು ಸುಂದ್ರವ್ವ ಅವರಿಗಿಂತ ಮುಂದೆ ಓಡಿದಳು, ಓಣಿ ಅವಳ ಹಿಂದೆ. ಡ್ರೈವರ್ ಚಹಾದ ಬಟ್ಟಲು ಹಿಡಿದೇ, ಏಕೆಂದು ತಿಳಿಯದೆ, ಹಾರ ಹಾಕಿಸಿಕೊಂಡು ನಕ್ಕ.

ಧನಪಾಲ ಮಾಸ್ತರರು ಡ್ರೈವರನ ಹೆಗಲ ಮೇಲೆ ಕೈ ಹಾಕಿ ನಿಂತು, ಬರಿಗೈಯಲ್ಲಿ ನಡೆದು ಬಂದ ಸಮಾಧಾನನತ್ತ ತಮ್ಮ ಮೊಬೈಲು ಚಾಚಿದರು.

“ಸಮಾಧಾನ, ನೀ ಹೆಂಗೂ ಖಾಲಿ ಅದಿ. ನಮ್ಮದೊಂದು ಫೋಟೋ ತಗೀಪಾ.”