ಪ್ಯಾಕೆಟ್ ದಾಟಿಸೋ ಮೇಡಂ

ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನಗೋದಕ್ಕೆ ಅಂತ ನಾನು ಬೇರೆಲ್ಲೂ ಹೋಗಿಲ್ಲ; ಕೆಲಸಕ್ಕೆ ಹೋದಲ್ಲೆಲ್ಲ ಏನಾದರೊಂದು ಆಗುತ್ತದೆ. ಸುತ್ತಲ ಊರುಗಳ ಅಂಗಡಿ, ಮಿಲ್ಲುಗಳಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇಟ್ಟು, ಅದರ ಮೂಲಕ ಉಳಿದವಕ್ಕೆ ಇಂಟರ್ನೆಟ್ ಹಾಯಿಸಿಕೊಡುತ್ತೇನೆ. ಅದರಲ್ಲೊಂದು ಸೆಟ್ಟಿಂಗ್ ಇದೆ. 'ಒಂದು' ಅಂತಿದ್ದರೆ ಬಂದದ್ದನ್ನು ಮುಂದಕ್ಕೆ ದಾಟಿಸುತ್ತದೆ. 'ಸೊನ್ನೆ' ಅಂತಿದ್ದರೆ ತಾನೇ ಇಟ್ಟುಕೊಂಡು ಕೂರುತ್ತದೆ. ಕರೆಂಟ್ ಹೋಗಿ ಬಂದರೆ ಸಾಕು, ಎಷ್ಟೋ ಕಡೆ ಒಂದು ಹೋಗಿ ಸೊನ್ನೆಯಾಗಿರುತ್ತದೆ.

ಬರೀ ಒಂದೇನಾ?

ಪಿರಿಯಾಪಟ್ಟಣದ ಗೊಬ್ಬರದಂಗಡಿ. ಹೊಗೆಸೊಪ್ಪು ನೆಡೋ ಕಾಲ, ರೈತರು ಬಾಗಿಲಾಚೆಗೂ ನಿಂತಿದ್ದರು, ಬಿಲ್ ಮಾಡೋ ಕಂಪ್ಯೂಟರಿಗೆ ನೆಟ್ ಇಲ್ಲ. ನಾನು ಹೋಗಿ ಸೊನ್ನೆ ತೆಗೆದು ಒಂದು ಹಾಕಿದೆ. ಬಿಲ್ಲು ಸರಸರ ಬರತೊಡಗಿತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಯಜಮಾನರಿಗೆ ಮಾತ್ರ ಸಮಾಧಾನವಿಲ್ಲ.

"ಅಲ್ಲಾ ಮೇಡಂ, ಉಣಸೂರಿಂದ ಇಲ್ಲೀಗಂಟ ಬಂದು ಬರೀ ಒಂದು ಹಾಕಿದ್ರಾ? ಒಂದತ್ತು ಹಾಕಿ ಬುಡಿ, ಬಿರ್ರನೆ ಓಡ್ಲಿ."

"ಅದಕ್ಕೆ ಒಂದೇ ಹಾಕೋದು ಸಾರ್."

ಅವರು ದನಿ ತಗ್ಗಿಸಿದರು. "ಪಕ್ಕದಂಗಡಿಯೋರಿಗೆ ಎಷ್ಟು ಹಾಕಿದೀರಿ?"

"ಅವರಿಗೂ ಒಂದೇ."

"ಅಂಗಾದ್ರೆ ಇರ್ಲಿ ಬುಡಿ."

ಕೊನೇ ಮಾತು

ಕೃಷ್ಣರಾಜನಗರದ ಅಕ್ಕಿ ಮಿಲ್ಲಿನಲ್ಲಿ ಒಂದನ್ನು ಕಾಯಂ ಆಗಿ ಉಳಿಯೋ ಹಾಗೆ ಫೈಲಿನಲ್ಲೇ ಬರೆದುಬಂದಿದ್ದೆ. ಆದರೂ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸೊನ್ನೆ! ತಲೆ ಕೆಟ್ಟು ಹುಡುಕಿದೆ. ಕೊನೆಗೆ ಸಿಕ್ಕಿತು: ನನ್ನ ಫೈಲ್ ಆದ ಮೇಲೆ ಕಂಪ್ಯೂಟರ್ ಇನ್ನೊಂದು ಫೈಲ್ ಓದುತ್ತಿತ್ತು. ಅದರಲ್ಲಿ ಸೊನ್ನೆ ಅಂತಿತ್ತು.

"ಅಂದ್ರೆ, ಮೊದಲು ಯಾರು ಏನೇ ಯೋಳಿದ್ರೂ ಕೊನೇಲಿ ಬಂದೋರ ಮಾತೇ ನಡೀತದಾ?" ಅಂದರು ಮಿಲ್ ಓನರ್ರು.

"ಹೌದು ಸಾರ್."

"ನಮ್ಮನೇಲೂ ಅಂಗೇ ಕಣ್ರೀ. ನಾನು, ನಮ್ಮೋಳು ಕೂತ್ಕಂಡು ಎಲ್ಲಾ ತೀರ್ಮಾನ ಮಾಡಿರ್ತೀವಿ. ಆಮೇಲೆ ನಮ್ಮವ್ವ ಎದ್ದು ಬತ್ತಾಳೆ."

ಮಿಲ್ಲಿಗೆ ಅಂಟಿಕೊಂಡಿದ್ದ ಮನೆಯ ಒಳಗಿಂದ ದನಿ ಬಂತು: "ಏನ್ಲಾ ಅದು?"

"ಏನಿಲ್ಲ ಕಣವ್ವ, ಕಂಪ್ಯೂಟರ್ ವಿಚಾರ!"

ಸೀಬೆಹಣ್ಣು

ಕಾಕನಕೋಟೆ ಕಡೆಯ ಒಂದು ರೆಸಾರ್ಟಿಗೆ ಎಚ್.ಡಿ. ಕೋಟೆಯಿಂದ ಬಸ್ಸಿನಲ್ಲಿ ಹೊರಟಿದ್ದೆ. ಅಲ್ಲೂ ಅದೇ ರೋಗ. ನೆಟ್ಟಿನಲ್ಲಿ ಓಡಾಡೋ ಮಾಹಿತಿಯ ತುಣುಕಿಗೆ ನಮ್ಮ ಕಸುಬಿನಲ್ಲಿ ಪ್ಯಾಕೆಟ್ ಅಂತಾರೆ. ರೆಸಾರ್ಟಿನ ಮ್ಯಾನೇಜರ್ ಫೋನ್ ಮಾಡಿದ. ಬಸ್ಸಿನ ಸದ್ದಿಗೆ ನಾನು ಜೋರಾಗೇ ಕೇಳಿದೆ:

"ಪ್ಯಾಕೆಟ್ ಒಳಗೆ ಬರ್ತಾ ಇದ್ಯಾ? ಆಚೆ ದಾಟ್ತಿಲ್ವಾ? ಮಧ್ಯದಲ್ಲಿ ಯಾರೋ ತಡೀತಿದಾರೆ. ನೀವೇನೂ ಮುಟ್ಟಬೇಡಿ, ನಾನೇ ಬಂದು ದಾಟಿಸ್ತೀನಿ."

ಪಕ್ಕದಲ್ಲಿ ಸೀಬೆಹಣ್ಣಿನ ಬುಟ್ಟಿ ಹಿಡಿದು ಕೂತಿದ್ದ ಅಜ್ಜಿ ಮೆಲ್ಲಗೆ ಆಚೆ ಸರಿದರು. ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಬಸ್ ಹತ್ತಿದ್ದೇ ತಡ, ಅಜ್ಜಿ ನನ್ನ ಕಡೆ ಕೈ ತೋರಿಸಿಬಿಟ್ಟರು. "ಸ್ವಾಮಿ, ಇವಳ ಬ್ಯಾಗು ನೋಡಿ. ಅದೇನೋ ಪ್ಯಾಕೆಟ್ ದಾಟಿಸ್ತಾಳಂತೆ!"

ಇಡೀ ಬಸ್ಸು ನನ್ನತ್ತ ತಿರುಗಿತು. ಗಾರ್ಡ್ ಬ್ಯಾಗ್ ತೆಗೆಸಿ ನೋಡಿದರು. ಒಂದು ಲ್ಯಾಪ್‌ಟಾಪು, ಒಂದಷ್ಟು ವೈರು, ಚಿತ್ರಾನ್ನದ ಡಬ್ಬಿ. ನಾನು ತೊದಲುತ್ತಾ ಲಿನಕ್ಸು, ಸೊನ್ನೆ, ಒಂದು ಅಂತ ಎಲ್ಲಾ ವಿವರಿಸಿದೆ. ಅವರು ನಕ್ಕು, "ಆಯ್ತು, ಹೋಗಿ ದಾಟಿಸಿ ಮೇಡಂ" ಅಂತ ಇಳಿದುಹೋದರು.

ಬಸ್ ಹೊರಟ ಮೇಲೆ ಅಜ್ಜಿ ಹತ್ತಿರ ಬಂದು ಒಂದು ಹಣ್ಣು ಕೈಗಿಟ್ಟರು. ಪಾಪ, ಪಶ್ಚಾತ್ತಾಪ ಆಗಿರಬೇಕು ಅಂದುಕೊಂಡೆ. ಅವರು ಕಿವಿ ಹತ್ತಿರ ಬಾಗಿ ಪಿಸುಗುಟ್ಟಿದರು:

"ಎಂಗೋ ತಪ್ಪಿಸ್ಕಂಡೆ ಬುಡು ಮಗ. ಒಟ್ಟೆಪಾಡು, ಏನ್ ಮಾಡ್ತೀಯ? ಉಳಿದಿದ್ದು ಎಲ್ಲಿ ಬಚ್ಚಿಟ್ಟಿದೀಯ ಅಂತ ನಾನು ಕೇಳಾಕಿಲ್ಲ."