ತಗ್ಗಿ ಬಗ್ಗಿ ನಡೆಯದವಳಿಂದ ಬೆಳಕಳೆಯುವ ಯಂತ್ರಕ್ಕೆ

ಮಾನ್ಯ ಒಟಿಡಿಆರ್ ಯಂತ್ರ ಮಹಾಶಯರೇ,

ಹೊಟ್ಟೆ ತುಂಬ ಚಾರ್ಜ್ ಹಾಕಿಸಿಕೊಂಡು, ಪರದೆಯ ಮೇಲೆ ಒಂದು ಗೀರೂ ಇಲ್ಲದೆ ತಾವು ಸುಖವಾಗಿದ್ದೀರೆಂದು ನಂಬಿ, ಇಪ್ಪತ್ತೆರಡು ವರ್ಷಗಳಿಂದ ಕೂದಲೆಳೆಯಂಥ ಗಾಜಿನ ಎಳೆಗಳಿಗೆ ಜಾಯಿಂಟ್ ಹಾಕುತ್ತ ಎಲ್ಲರ ಬಾಯಲ್ಲಿ ‘ಗಾಜಿನಕ್ಕ’ ಆಗಿರುವ ನಾನು ಎರಡೂ ಕೈ ಜೋಡಿಸಿ (ನಡುಗುತ್ತಿಲ್ಲ, ಗಮನಿಸಿ) ಬರೆದುಕೊಳ್ಳುವ ದೂರು.

ಕೇಬಲ್ಲಿನ ಒಂದು ತುದಿಯಿಂದ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆದು, ಎಲ್ಲಿ ಎಷ್ಟು ಸೋರಿತೆಂದು ಗೆರೆ ಎಳೆದು ತೋರಿಸುವ ತಮ್ಮ ವಿದ್ಯೆಗೆ ಶರಣು. ಗೆರೆ ಕುಸಿದಲ್ಲೆಲ್ಲ ತಾವು ‘ಈವೆಂಟ್’ ಎಂದು ಬರೆಯುತ್ತೀರಿ. ನಮ್ಮತ್ತೆಯವರು ಅಂಥದ್ದಕ್ಕೆ ರಂಪ ಎನ್ನುತ್ತಾರೆ. ಹೋದ ವರ್ಷ ನನ್ನದೊಂದು ಜಾಯಿಂಟ್‌ನಲ್ಲಿ ಒಳಹೋದದ್ದಕ್ಕಿಂತ ಹೆಚ್ಚು ಬೆಳಕು ಹೊರಬಂದಿದೆಯೆಂದು ತೋರಿಸಿದ್ದಿರಿ, ನೆನಪಿದೆಯೇ? ಆ ಪವಾಡಕ್ಕೆ ನಮ್ಮ ಸಾಹೇಬರು ಒಂದು ಶಹಬಾಸ್ ಕೂಡ ಹೇಳಲಿಲ್ಲ.

ಮೊನ್ನೆ ಮಾತ್ರ, ನಮ್ಮ ಕಚೇರಿಗೆ ಬರುವ ಲೈನಿನಲ್ಲಿ ಹೊರಗೋಡೆಯ ನನ್ನ ಜಾಯಿಂಟ್ ಹತ್ತಿರ ತಾವು ಒಂದು ದೊಡ್ಡ ಕುಸಿತ ತೋರಿಸಿದ್ದೇ ತಡ, ಸಾಹೇಬರು ಎಲ್ಲರೆದುರು “ವಯಸ್ಸಾಯ್ತಮ್ಮ, ಕೈ ನಡುಗ್ತಿದೆ, ಸೋಮವಾರದಿಂದ ಕಡತದ ಕೋಣೇಲಿ ಕೂತ್ಕೋ” ಎಂದು ಆದೇಶ ಟೈಪು ಮಾಡಿಸಿಬಿಟ್ಟರು. ನಾನು ಆ ಜಾಯಿಂಟನ್ನು ಮೂರು ಸಲ ಬಿಚ್ಚಿ ನೋಡಿದೆ, ಚಿನ್ನದಂತಿತ್ತು. ಹಾಗೆಂದು ಹೇಳಿದ್ದಕ್ಕೆ “ಸ್ವಲ್ಪ ತಗ್ಗಿ ಬಗ್ಗಿ ನಡೀಬೇಕು” ಎಂಬ ಉಪದೇಶವೂ ಸಿಕ್ಕಿತು. ಮಹಾಶಯರೇ, ಈ ಎರಡು ಕೈ ಬಿಟ್ಟರೆ ನನ್ನದೆಂದು ಹೇಳಿಕೊಳ್ಳಲು ಅಲ್ಲಿ ನನಗೆ ಬೇರೇನಿದೆ?

ಸಾಹೇಬರು ಅವಸರದಲ್ಲಿ ತಮ್ಮಿಂದ ಒಂದೇ ಬೆಳಕಿನಲ್ಲಿ ಅಳೆಸಿದ್ದರು, ಅದೂ ಹತ್ತಿರ ಹತ್ತಿರದ ಎರಡು ತೊಂದರೆಗಳು ಒಂದೇ ಆಗಿ ಕಾಣುವಷ್ಟು ಅಗಲದ ಪಲ್ಸ್‌ನಲ್ಲಿ, ಅಂದರೆ ಬೆಳಕಿನ ಮಿಡಿತದಲ್ಲಿ. ಊಟದ ಬಿಡುವಿನಲ್ಲಿ ನಾನು ಪಲ್ಸ್ ಸಣ್ಣದು ಮಾಡಿ, ೧೩೧೦ ಮತ್ತು ೧೫೫೦ ನ್ಯಾನೋಮೀಟರ್ ಅಲೆಯುದ್ದದ ಎರಡೂ ಬೆಳಕಿನಲ್ಲಿ ಅಳೆದೆ. ಜಾಯಿಂಟ್ ಕೆಟ್ಟಿದ್ದರೆ ಎರಡರಲ್ಲೂ ನಷ್ಟ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು; ೧೩೧೦ರಲ್ಲಿ ಕಂಡೂ ಕಾಣದಷ್ಟು, ೧೫೫೦ರಲ್ಲಿ ಬೊಗಸೆ ತುಂಬ. ಎಳೆ ಬಾಗಿದಲ್ಲಿ ಹೆಚ್ಚು ಸೋರುವುದು ೧೫೫೦ರ ಬೆಳಕೇ; ಅಂದರೆ ಕೇಬಲ್ಲು ಎಲ್ಲೋ ಮುರುಟಿಕೊಂಡು ಬಾಗಿದೆ. ಎಲ್ಲಿ? ಜಾಯಿಂಟಿನಿಂದ ಆರು ಮೀಟರ್ ಮುಂದೆ, ಸಾಹೇಬರ ಕೋಣೆಯಲ್ಲಿ, ಅವರೇ ನಿಂತು ಗೋಡೆಗೆ ಒತ್ತಿಸಿದ ಹೊಸ ಬೀರುವಿನ ಹಿಂದೆ! ಹೇಳಿದರೆ, “ಬೀರು ಸರಿಸೋಕಾಗಲ್ಲ, ಮುಖ್ಯ ಕಾಗದ ಇದೆ” ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಯೇನೆಂದರೆ, ಇನ್ನು ಮುಂದೆ ಈವೆಂಟ್ ಪಟ್ಟಿಯಲ್ಲಿ ದೂರ, ನಷ್ಟಗಳ ಜೊತೆಗೆ ‘ಬಾಗಿಸಿದವರು’ ಎಂಬ ಒಂದು ಕಾಲಮನ್ನು ಭಾವಚಿತ್ರ ಸಮೇತ ಸೇರಿಸಬೇಕು. ಒಂದೇ ಬೆಳಕಿನಲ್ಲಿ ನೋಡಿ ಮನುಷ್ಯರನ್ನು ಅಳೆಯುವವರು ಗುಂಡಿ ಒತ್ತಿದಾಗ ಕಿವಿ ತೂತಾಗುವಂತೆ ಕಿರುಚಬೇಕು. ಸಾಧ್ಯವಾದರೆ ನಮ್ಮತ್ತೆಯವರ ದನಿಯಲ್ಲಿ.

ತಮ್ಮ ವಿಶ್ವಾಸಿ,
ಇನ್ನೂ ಕಡತದ ಕೋಣೆಗೆ ಹೋಗದ,
ಗಾಜಿನಕ್ಕ

ಮರೆತ ಮಾತು: ಈ ಪತ್ರ ಮಡಿಸುವಷ್ಟರಲ್ಲಿ, ಮೇಲಧಿಕಾರಿಗಳ ಜೊತೆಗಿನ ವಿಡಿಯೋ ಸಭೆಯಲ್ಲಿ ಲೈನು ಕೈಕೊಟ್ಟು ಸಾಹೇಬರ ಮುಖ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಅವರೇ ಎದ್ದು ಬೀರು ಎಳೆದು, ಮಂಡಿಯೂರಿ, ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿ ಕೇಬಲ್ಲು ಬಿಡಿಸಿದರು; ಆಮೇಲೆ ನನ್ನ ಮುಖ ನೋಡದೆ ಆದೇಶ ಹರಿದು ಬುಟ್ಟಿಗೆ ಹಾಕಿದರು. ಬಗ್ಗಿದರೆ ನಷ್ಟ ಎಂಬ ತಮ್ಮ ಸಿದ್ಧಾಂತವನ್ನು ದಯವಿಟ್ಟು ತಿದ್ದಿಕೊಳ್ಳಿ: ಯಾರು ಬಗ್ಗಿದರು ಎಂಬುದರ ಮೇಲೆ ಹೋಗುತ್ತದೆ.